ಎಡಗೈಯ ಊಟ

ನಾರಾವಿ
ತಾ. 8-11-1959, ಆದಿತ್ಯವಾರ

ಜಪಾನಿನಲ್ಲಿರುವ ನಮ್ಮ ಮನೆಯವರಿಗೆ ಲೋಲಾಕ್ಷಿ ಮಾಡುವ ನಮಸ್ಕಾರಗಳು.

ನೀವು ಡಿಸೆಂಬರಿನಲ್ಲಿ ಕೋಬೆಯಿಂದ ಹಡಗು ಹತ್ತುವ ವಿಷಯ ಬರೆದ ಕಾಗದ ಶುಕ್ರವಾರ ಕೈಸೇರಿತು. ಈ ಸಲ "ಇಲ್ಲಿ ನಾವೆಲ್ಲರೂ ಕ್ಷೇಮ" ಎಂದು ಬರೆದು ಮುಂದಕ್ಕೆ ಹೋಗುವುದಿಲ್ಲ. ಮೇ ತಿಂಗಳಿನಿಂದ ಪ್ರತಿ ಕಾಗದದಲ್ಲಿಯೂ ಆ ಸಾಲು ಬರೆದಿದ್ದೇನೆ. ಅದು ಪೂರ್ತಿ ನಿಜವಾಗಿರಲಿಲ್ಲ. ಮೊದಲು ಇಷ್ಟನ್ನು ಓದಿಕೊಳ್ಳಿ: ಅತ್ತೆ ಇದ್ದಾರೆ. ಈಗ ಜಗಲಿಯಲ್ಲಿ ಕೂತು, ಅಂಗಳದಲ್ಲಿ ಹರಡಿದ ಭತ್ತಕ್ಕೆ ಬರುವ ಕೋಳಿಗಳನ್ನು ಓಡಿಸುತ್ತಿದ್ದಾರೆ. ನಾನು ಏನು ಬರೆಯುತ್ತಿದ್ದೇನೆಂದು ಅವರಿಗೆ ಗೊತ್ತುಂಟು. ಉಳಿದದ್ದನ್ನು ನಿಧಾನವಾಗಿ ಓದಿ.

ಮೇ ನಡುವಿನ ಹೊತ್ತು, ಬೇಶ ತಿಂಗಳು ಆಗಷ್ಟೇ ಹುಟ್ಟಿತ್ತು. ಗದ್ದೆಗೆ ಸೊಪ್ಪು ಕೂಡಿಸುವ ಗಡಿಬಿಡಿ. ಅತ್ತೆ ಸೊಪ್ಪಿನ ಕಟ್ಟು ಹೊತ್ತು ಬಂದವರು ದನದ ಹಟ್ಟಿಯ ಬಳಿ ಇಳಿಸುವಾಗ ಹಾಗೆಯೇ ಕುಸಿದರು. ಕಾಲು ಜಾರಿರಬೇಕೆಂದು ನಾನು ಓಡಿದೆ. ಎತ್ತಿ ಕೂರಿಸಿ ನೋಡಿದರೆ ಬಾಯಿ ಒಂದು ಬದಿಗೆ ಎಳೆದಿತ್ತು. ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿತ್ತು. ತಂಗಿ ಬಿದ್ದಳೆಂದು ಲೋಕಯ್ಯ ಮಾವನಿಗೆ ಹೇಳಿ ಕಳುಹಿಸಿದೆ. ಅವರು ಎಲ್ಲಿಂದಲೋ ಒಂದು ಜೀಪು ಮಾಡಿಸಿಕೊಂಡು ಬಂದರು. ಮೂಡುಬಿದಿರೆಯ ಡಾಕ್ಟರು ಪಕ್ಷವಾತವೆಂದರು. ಕಾಲು ಸರಿಯಾಗಬಹುದು, ಮಾತೂ ಬರಬಹುದು, ಕೈಯ ವಿಷಯ ಈಗಲೇ ಹೇಳಲಿಕ್ಕೆ ಆಗುವುದಿಲ್ಲ ಎಂದರು.

ಅಲ್ಲಿ ಆಸ್ಪತ್ರೆಯ ಹೊರಗಿನ ಕಟ್ಟೆಯಲ್ಲಿ ಕೂತು ಮಾವ ನಿಮಗೆ ತಂತಿ ಕೊಡುವ ಮಾತೆತ್ತಿದರು. ನ್ಯಾಯವಾದ ಮಾತೇ. ಒಬ್ಬನೇ ಮಗ, ತಾಯಿ ಹೀಗೆ ಬಿದ್ದಿರುವಾಗ ಹೇಳದೆ ಇರುವುದು ಹೇಗೆ. ನಾವು ಮಾತಾಡಿದ್ದು ಕಿಟಕಿಯಿಂದ ಒಳಗೆ ಕೇಳಿಸಿರಬೇಕು. ನಾನು ಒಳಗೆ ಹೋದಾಗ ಅತ್ತೆ ಎಡಗೈಯಿಂದ ನನ್ನ ಸೆರಗು ಹಿಡಿದು "ಬೊಡ್ಚಿ" ಎಂದರು. ನಾಲಗೆ ಹೊರಳುತ್ತಿರಲಿಲ್ಲ, ಆದರೂ ಬೇಡವೆಂದದ್ದು ನನಗೆ ತಿಳಿಯಿತು. ಮದ್ದು ಬೇಡವೆನ್ನುತ್ತಾಳೆಂದು ಮಾವ ಎಣಿಸಿದರು. ಅಲ್ಲ ಮಾವ, ತಂತಿ ಬೇಡವೆನ್ನುತ್ತಿದ್ದಾರೆ ಎಂದೆ. ಅತ್ತೆ ಕಣ್ಣು ಮುಚ್ಚಿ ತೆರೆದರು, ಹೌದೆಂಬ ಹಾಗೆ.

ನೀವು ಹೊರಟಾಗ ಊರಿನವರು ಏನೆಲ್ಲ ಹೇಳಿದ್ದರೆಂದು ನಿಮಗೇ ಗೊತ್ತು. ಭತ್ತದ ನೇಜಿ ನೆಡುವುದು ಕಲಿಯಲಿಕ್ಕೆ ಸಮುದ್ರ ದಾಟಬೇಕಾ ಎಂದು ನಕ್ಕರು. ಹೊಸ ಹೆಂಡತಿಯನ್ನು ಬಿಟ್ಟು ಹೋಗುತ್ತಾನೆಂದು ನನಗೆ ಕೇಳುವ ಹಾಗೆಯೇ ಹೇಳಿದರು. ಹೋಗು ಎಂದವರು ಅತ್ತೆ ಒಬ್ಬರೇ. ನೀವು ಅರ್ಧದಲ್ಲಿ ತಿರುಗಿ ಬಂದರೆ ಅವರು ಹೇಳಿದ ಮಾತು ನೆಲಕ್ಕೆ ಬೀಳುತ್ತಿತ್ತು.

ಮಾವ ನನ್ನ ಮುಖ ನೋಡಿ, ನಾಳೆ ಹೆಚ್ಚುಕಡಿಮೆಯಾಗಿ ಕೂಸಪ್ಪ ಜಪಾನಿನಿಂದ ಬಂದು ಕೇಳಿದರೆ ಉತ್ತರ ಹೇಳಬೇಕಾದವಳು ನೀನು ಎಂದರು. ಹೇಳುತ್ತೇನೆ ಎಂದೆ. ಬಾಯಲ್ಲಿ ಹೇಳಿದೆನಷ್ಟೆ. ಮದುವೆಯಾಗಿ ಈ ಮನೆಗೆ ಬಂದು ಸರಿಯಾಗಿ ಒಂದು ಮಳೆಗಾಲ ಕಂಡವಳಲ್ಲ ನಾನು. ಆದರೂ ಈಗ ಕೇಳಿದರೆ ಅದೇ ಮಾತು ಹೇಳಿಯೇನು. ನೀವು ಸಿಟ್ಟು ಮಾಡುವುದಾದರೆ ನನ್ನ ಮೇಲೆಯೇ ಮಾಡಿ, ಅವರ ಮೇಲೆ ಬೇಡ.

ಮನೆಗೆ ಬಂದ ಮೇಲೆ ಕಾಲು ಸ್ವಲ್ಪ ಸ್ವಲ್ಪ ಎಳೆದು ನಡೆಯುವಷ್ಟಾಯಿತು. ತೊಂದರೆ ಬಂದದ್ದು ಊಟದ್ದು. ಬಲಗೈ ಏಳುವುದಿಲ್ಲ. ಎಡಗೈಯಿಂದ ಅನ್ನ ಮುಟ್ಟಲಿಕ್ಕೆ ಅವರು ಸುತರಾಂ ಒಪ್ಪಲಿಲ್ಲ. ನಾನು ತುತ್ತು ಮಾಡಿ ಬಾಯಿಗೆ ಹಿಡಿದರೆ ಹಲ್ಲು ಕಚ್ಚಿ ಮುಖ ತಿರುಗಿಸುತ್ತಿದ್ದರು. ಮೂಡುಬಿದಿರೆಯಿಂದ ಒಂದು ಚಮಚ ತರಿಸಿದೆ. ಆಸ್ಪತ್ರೆಯಲ್ಲಿ ಚಮಚದಲ್ಲೇ ಬಾರ್ಲಿ ನೀರು ಕುಡಿಸಿ ಕುಡಿಸಿ ಅವರಿಗೆ ಅದನ್ನು ಕಂಡರಾಗುತ್ತಿರಲಿಲ್ಲ, ದೂಡಿಬಿಟ್ಟರು. ಗಂಜಿಯ ತಿಳಿಯನ್ನು ಲೋಟದಲ್ಲಿ ಕೊಟ್ಟರೆ ಅದೊಂದನ್ನು ಕುಡಿಯುತ್ತಿದ್ದರು. ಸೊಪ್ಪಿನ ಹೊರೆ ಹೊರುತ್ತಿದ್ದ ಜೀವಕ್ಕೆ ಗಂಜಿ ತಿಳಿ ಎಲ್ಲಿಗೆ ಸಾಕು. ಕುತ್ತಿಗೆಯ ಎಲುಬು ಕಾಣಲಿಕ್ಕೆ ಸುರುವಾಯಿತು. ಮಾವ ಬಂದಾಗ ಆ ಎಲುಬನ್ನೇ ನೋಡಿ ಹೋಗುತ್ತಿದ್ದರು. ಆ ನೋಟ ನನಗೆ ಬೈಗಳಿಗಿಂತ ಹೆಚ್ಚಾಗುತ್ತಿತ್ತು.

ನೀವು ಒಕಾಯಾಮಾದ ಆ ರೈತರ ಮನೆಯಲ್ಲಿ ಉಳಿಯಲು ಸುರು ಮಾಡಿದ ಮೇಲೆ ಬರೆದ ಮೊದಲನೆಯ ಕಾಗದ ಬಂದದ್ದು ಆಗ. ನೆನಪುಂಟಾ ಏನು ಬರೆದಿದ್ದಿರೆಂದು? ಅವರೆಲ್ಲ ಗಿಡ್ಡ ಮೇಜಿನ ಸುತ್ತ ಕೂತು ಎರಡು ಕಡ್ಡಿಗಳಲ್ಲಿ ಉಣ್ಣುತ್ತಾರೆ, ನನ್ನ ಕಡ್ಡಿಯಲ್ಲಿ ಏನೂ ನಿಲ್ಲುವುದಿಲ್ಲ, ಅವರ ಸಣ್ಣ ಮಗುವಿನ ಚಮಚ ನನಗೆ ಕೊಟ್ಟಿದ್ದಾರೆ, ಆ ಮಗು ನನ್ನನ್ನೇ ನೋಡುತ್ತದೆ ಎಂದಿರಿ. ಜೊತೆಗೆ ಬಂದವರೆಲ್ಲ ಕಲಿತುಬಿಟ್ಟರು, ನಾನು ಹೊಟ್ಟೆ ಸರಿ ಇಲ್ಲವೆಂದು ಅರ್ಧದಲ್ಲಿ ಏಳುತ್ತೇನೆ, ಮುಂದಿನ ಹಡಗಿಗೆ ಯಾರಾದರೂ ಹೊರಡುವುದಿದ್ದರೆ ಅವರ ಜೊತೆ ಬಂದುಬಿಡುವ ಎಂದು ಕಾಣುತ್ತದೆ ಎಂದಿರಿ. ಕಡ್ಡಿ ಹಿಡಿದ ಕೈಯ ಚಿತ್ರವನ್ನೂ ಬರೆದಿದ್ದಿರಿ. ಚಿತ್ರ ನೋಡಿದರೆ ಕೈಯೆಂದು ಹೇಳುವ ಹಾಗಿರಲಿಲ್ಲ.

ಬೇರೆ ದಿನವಾದರೆ ಅಂಥ ಸಾಲುಗಳನ್ನು ನಾನು ಅತ್ತೆಗೆ ಓದಿ ಹೇಳುತ್ತಿರಲಿಲ್ಲ. ಆ ದಿನ ನನಗೆ ನಿಮ್ಮಿಬ್ಬರ ಮೇಲೂ ಕೋಪ ಬಂದಿತ್ತು. ಒಂದು ಅಕ್ಷರ ಬಿಡದೆ ಓದಿದೆ. ಕೇಳಿ, ನಿಮ್ಮ ಮಗನೂ ಅಲ್ಲಿ ಊಟದ ಎದುರು ಕೂತು ಹಸಿದು ಏಳುತ್ತಾರಂತೆ, ತಾಯಿಗೂ ಮಗನಿಗೂ ಒಂದೇ ಹಠ ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು. ಆದರೆ ಅತ್ತೆ ನಕ್ಕರು. ಬಾಯಿಯ ಒಂದೇ ಬದಿಯಲ್ಲಿ ನಗು ಬಂತು. ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಆಮೇಲೆ ನಿಮ್ಮ ಚಿತ್ರ ತೋರಿಸಿ, "ಯಾವ ಕೈ?" ಎಂದು ಕೇಳಿದರು. ಆಗ ಅವರ ಮಾತು ಒಂದೊಂದೇ ಶಬ್ದವಾಗಿ ಬರುತ್ತಿತ್ತು. ಬಲಗೈಯೇ ಇರಬೇಕು ಎಂದೆ.

"ಎಡಗೈಯಲ್ಲಿ?"

ಎಡಗೈಯಲ್ಲಿ ಹಿಡಿದರೂ ಅನ್ನಕ್ಕೆ ಕೈ ತಾಗುವುದಿಲ್ಲವಲ್ಲ ಅತ್ತೆ, ಕಡ್ಡಿ ತಾನೆ ತಾಗುವುದು ಎಂದೆ. ಅವರು ತುಂಬಾ ಹೊತ್ತು ತಮ್ಮ ಎಡಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಕಡ್ಡಿ ತಾ. ಅವನಿಗೆ ಬರೆಯುವ" ಎಂದರು. ತಾನು ಉಣ್ಣಬೇಕೆಂದು ಹೇಳಲಿಲ್ಲ. ಹೇಗೆಂದು ಕಲಿತು ನಿಮಗೆ ಬರೆದು ತಿಳಿಸಬೇಕು, ನೀವು ಹಸಿದು ಇರಬಾರದು ಎಂಬುದು ಅವರ ಯೋಚನೆ.

ಮೊದಲು ತೆಂಗಿನ ಗರಿಯ ಕಡ್ಡಿ ತಂದೆ, ಬಳುಕಿ ಹೋಯಿತು. ಬಿದಿರು ಸೀಳಿ ನಯ ಮಾಡಿಸಿದೆ. ಕುಚ್ಚಲಕ್ಕಿ ಅನ್ನ ಇಟ್ಟುಕೊಂಡು ಕೂತೆವು. ಅದರ ಒಂದು ಅಗುಳಿಗೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ, ಎಲ್ಲ ಮಡಿಲಿಗೆ ಬಿತ್ತು. ನಾನು ಬಲಗೈಯಲ್ಲಿ ಪ್ರಯತ್ನಿಸಿ ಅವರಿಗೆ ಹೇಳಿಕೊಡಲು ನೋಡಿದೆ. ಬಲಗೈಯದ್ದು ಎಡಗೈಗೆ ಹೊಂದಲಿಲ್ಲ. ಹಾಗಾಗಿ ನಾನೂ ಎಡಗೈಗೆ ಬದಲಿಸಿದೆ. ಒಂದು ದಿನ ಬಂಟ್ವಾಳದ ಇದಿನಬ್ಬ ಒಣಮೀನು ಮಾರಲು ಬಂದವನು ನಮ್ಮ ಅವಸ್ಥೆ ನೋಡಿ ಅಂಗಳದಲ್ಲೇ ನಿಂತ. ಅವನು ಪ್ರಾಯದಲ್ಲಿ ರಂಗೂನಿಗೆ ಹೋಗಿದ್ದವನಂತೆ. ಅಲ್ಲಿ ಚೀನದವರು ಹೋಟೆಲಿನಲ್ಲಿ ಹೀಗೆ ತಿನ್ನುವುದನ್ನು ಕಂಡಿದ್ದೇನೆ, ಹಿಡಿಯುವುದು ಹೇಗೆಂದು ನನಗೂ ಗೊತ್ತಿಲ್ಲ, ಆದರೆ ಅವರು ಬಟ್ಟಲನ್ನು ಬಾಯಿಯ ಹತ್ತಿರ ಎತ್ತಿ ಹಿಡಿಯುತ್ತಾರೆ, ನಿಮ್ಮ ಹಾಗೆ ನೆಲದಲ್ಲಿ ಇಡುವುದಿಲ್ಲ ಎಂದ. ಅತ್ತೆಗೆ ಎತ್ತಿ ಹಿಡಿಯಲು ಇನ್ನೊಂದು ಕೈ ಎಲ್ಲುಂಟು. ಭತ್ತ ಅಳೆಯುವ ಕಳಸೆಯನ್ನು ಮಣೆಯ ಮೇಲೆ ಕವುಚಿ, ಅದರ ಮೇಲೆ ಬಟ್ಟಲಿಟ್ಟೆ. ಗಲ್ಲದವರೆಗೆ ಬಂತು.

ಅನ್ನ ಬೇಡವೆಂದು ಪುಂಡಿ ಮಾಡಿದೆ. ಅಕ್ಕಿತರಿಯ ಉಂಡೆಯಾದರೆ ಹಿಡಿಯಲಿಕ್ಕಾದರೂ ಒಂದು ಆಕಾರ ಉಂಟು. ಬೇಯಿಸಿ, ಒಂದೊಂದನ್ನು ನಾಲ್ಕು ತುಂಡು ಮಾಡಿ ಇಟ್ಟೆ. ತುಂಡು ಜಾರುತ್ತಿತ್ತು, ಬಟ್ಟಲಿನಿಂದ ಹಾರಿ ಬೀಳುತ್ತಿತ್ತು. ಬಿದ್ದದ್ದನ್ನು ನಾಯಿ ಕಾದು ತಿನ್ನುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ ಕಡ್ಡಿಗಳನ್ನು ಅಂಗಳಕ್ಕೆ ಎಸೆದು ಅತ್ತರು. ಅವರು ಅಳುವುದನ್ನು ನಾನು ಕಂಡಿರಲಿಲ್ಲ. ನಾನು ಎದ್ದು ಹೋಗಿ ಕಡ್ಡಿ ಹೆಕ್ಕಿ ತೊಳೆದು ತಂದು ಕಳಸೆಯ ಬದಿಯಲ್ಲಿಟ್ಟೆ.

ಮರುದಿನ ಅವರೇ ಕರೆದರು. ನಾನು ಶಾಲೆಯಲ್ಲಿ ಪೆನ್ಸಿಲು ಹಿಡಿದ ಹಾಗೆ ಮೇಲಿನ ಕಡ್ಡಿ ಹಿಡಿಯಿರಿ ಎಂದು ಅವರಿಗೆ ಹೇಳುತ್ತಿದ್ದೆ. ಅವರು ಜನ್ಮದಲ್ಲಿ ಪೆನ್ಸಿಲು ಹಿಡಿದವರಲ್ಲ, ಹೇಗೆ ತಿಳಿಯಬೇಕು. ರಾತ್ರಿ ಮಲಗಿ ಅವರೇ ಯೋಚಿಸಿದ್ದರಂತೆ. "ನೇಜಿ" ಎಂದರು. ನನಗೆ ಅರ್ಥವಾಗಲಿಲ್ಲ. ಆಗೆಲ್ಲ ಅವರು ಒಂದಕ್ಕೆ ಇನ್ನೊಂದು ಹೇಳುವುದಿತ್ತು, ದನಕ್ಕೆ ಬಾಗಿಲು ಎನ್ನುತ್ತಿದ್ದರು, ಹಾಗೇ ಇದೂ ಎಂದು ಎಣಿಸಿದೆ. ಅವರು ತಲೆಯಾಡಿಸಿ ಕಡ್ಡಿ ಹಿಡಿದು ತೋರಿಸಿದರು. ನೇಜಿ ನೆಡುವಾಗ ಗಿಡ ಕಟ್ಟಿದ ಸೂಡಿ ಇರುವುದು ಎಡಗೈಯಲ್ಲಿ ತಾನೆ. ಸೂಡಿ ಅಂಗೈಯಲ್ಲಿ ಅಲುಗದೆ ಕೂತಿರುತ್ತದೆ, ಹೆಬ್ಬೆರಳು ಮಾತ್ರ ಮುಂದೆ ಬಂದು ಎರಡೆರಡು ಗಿಡ ಬಿಡಿಸಿ ಕೊಡುತ್ತದೆ. ಕೆಳಗಿನ ಕಡ್ಡಿ ಸೂಡಿಯ ಹಾಗೆ ಅಲುಗಬಾರದು, ಮೇಲಿನದ್ದು ಮಾತ್ರ ಹೆಬ್ಬೆರಳಿನ ಜೊತೆ ಬರಬೇಕು. ಅಷ್ಟು ವರ್ಷ ಕೆಸರಿನಲ್ಲಿ ಬಗ್ಗಿ ಆ ಎಡಗೈ ಮಾಡಿದ್ದು ಅದೇ ಕೆಲಸ.

ಪುಂಡಿಯ ತುಂಡು ಕಡ್ಡಿಗಳ ನಡುವೆ ಕೂತಿತು. ನಡುಗುತ್ತ ನಡುಗುತ್ತ ಮೇಲೆ ಬಂತು. ಬಾಯಿಯ ಹತ್ತಿರ ಬಂದು ಬಿದ್ದೇ ಹೋಯಿತು. ಇಬ್ಬರೂ ನಕ್ಕೆವು. ಮುಂದಿನದ್ದು ಬಾಯಿಗೆ ಹೋಯಿತು. ಅವರು ತುಂಬಾ ನಿಧಾನವಾಗಿ ಅಗಿದರು. ನಾನು ಚಟ್ನಿ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಕಣ್ಣೊರಸಿಕೊಂಡು ಬಂದೆ.

ಆ ವಾರವೇ ನಿಮಗೆ ಕಾಗದ ಬರೆದೆ. ನೇಜಿಯ ಸೂಡಿ ಹಿಡಿದ ಹಾಗೆ ಹಿಡಿಯಿರಿ, ಬಟ್ಟಲನ್ನು ಬಾಯಿಯ ಹತ್ತಿರ ಎತ್ತಿರಿ, ಅದರಲ್ಲಿ ಮರ್ಯಾದೆಗೇಡು ಏನೂ ಇಲ್ಲ, ಮೊದಲು ಉಂಡೆಯಂಥದ್ದು ತೆಗೆದುಕೊಳ್ಳಿ ಎಂದು. ನೀವು ಉತ್ತರ ಬರೆದಿರಿ: ಇಲ್ಲಿ ಎಲ್ಲರೂ ಹೇಳಿಕೊಟ್ಟು ಆಗದ್ದು ನಿನ್ನ ಒಂದು ಸಾಲಿನಿಂದ ಆಯಿತು, ಈ ಮನೆಯ ಅಜ್ಜಿ ಮಗುವಿನ ಚಮಚ ತೆಗೆದು ಮಗುವಿಗೆ ಕೊಟ್ಟರು, ನೀನು ಜಪಾನಿಗೆ ಬಂದು ನೋಡಿದವಳ ಹಾಗೆ ಬರೆದಿದ್ದೀ ಎಂದು. ಆ ಕಾಗದವನ್ನು ಅತ್ತೆ ನನ್ನಿಂದ ಮತ್ತೆ ಮತ್ತೆ ಓದಿಸಿದರು. ಹೊಗಳಿಕೆ ನನಗೆ ಬಂದಿತ್ತು, ಅವರಿಗೆ ಬರಬೇಕಾದದ್ದು. ಈಗ ಹೇಳುತ್ತಿದ್ದೇನೆ: ನಿಮಗೆ ಅಲ್ಲಿ ಉಣ್ಣಲು ಕಲಿಸಿದ್ದು ನಿಮ್ಮ ತಾಯಿಯ ಎಡಗೈ.

ಊರಿನಲ್ಲಿ ಮಾತು ಹಬ್ಬದೆ ಇರುತ್ತದಾ. ಸೊಸೆ ಕಾಯಿಲೆಯ ಹೆಂಗಸಿನ ಕೈಗೆ ಕಡ್ಡಿ ಕೊಟ್ಟು ಆಟವಾಡಿಸುತ್ತಾಳೆ, ಕೈಯಾರೆ ಉಣಿಸಲಿಕ್ಕೆ ಅವಳಿಗೆ ಉದಾಸೀನ ಎಂದರಂತೆ. ಲೋಕಯ್ಯ ಮಾವನ ಕಿವಿಗೂ ಬಿತ್ತು. ಆಟಿ ತಿಂಗಳ ಜಡಿಮಳೆಯಲ್ಲಿ ತಲೆಗೆ ಓಲೆಯ ಗೊರಬು ಹಾಕಿಕೊಂಡು ಬಂದರು. ಬಂದವರೇ, ನನ್ನ ತಂಗಿಯನ್ನು ನಾನು ಕರೆದುಕೊಂಡು ಹೋಗುತ್ತೇನೆ, ನಮ್ಮ ಮನೆಯಲ್ಲಿ ತುತ್ತು ಕೊಡುವವರು ಇದ್ದಾರೆ ಎಂದರು. ಹೋದರೆ ಹೋಗಲಿ, ಅತ್ತೆಗೆ ಸುಖವಾಗುವುದಾದರೆ ಎಂದು ನನಗೆ ಅನಿಸಿತು. ಮಾವ ಊಟದ ಹೊತ್ತಿಗೆ ಬಂದಿದ್ದರು, ಹಾಗೆಯೇ ಕಳುಹಿಸುವುದು ಸರಿಯಲ್ಲವೆಂದು ಮಣೆ ಹಾಕಿ ಅವರಿಗೂ ಬಟ್ಟಲಿಟ್ಟೆ.

ಅತ್ತೆ ತಮ್ಮ ಬಟ್ಟಲಿನಿಂದ ಒಂದು ಪುಂಡಿ ಎತ್ತಿದರು. ತುಂಡಲ್ಲ, ಇಡೀ ಉಂಡೆ. ಅದಕ್ಕೆ ಮೊದಲು ಅವರು ಇಡೀ ಉಂಡೆ ಎತ್ತಿದ್ದು ನಾನು ನೋಡಿರಲಿಲ್ಲ. ಕಡ್ಡಿಯನ್ನು ಹಾಗೆಯೇ ಮಾವನ ಕಡೆಗೆ ಚಾಚಿ ಅವರ ಬಟ್ಟಲಿಗೆ ಇಟ್ಟರು. "ತಿನ್ನು ಅಣ್ಣ" ಎಂದರು. ಬಿದ್ದ ದಿನದಿಂದ ಎಲ್ಲರೂ ಅತ್ತೆಗೆ ಕೊಡುವವರೇ, ಅವರು ಒಬ್ಬರಿಗೆ ಬಡಿಸಿದ್ದು ಅದೇ ಮೊದಲು. ಮಾವ ತಲೆ ತಗ್ಗಿಸಿ ತಿಂದರು. ಕೈ ತೊಳೆದು ಬಂದು, ಇಲ್ಲಿಯೇ ಇರಲಿ ಎಂದು ಇಷ್ಟೇ ಹೇಳಿ ಗೊರಬು ಎತ್ತಿಕೊಂಡು ಹೋದರು. ಮಳೆಗಾಲದ ಏಣೆಲು ಬೆಳೆಯ ನಾಟಿಗೆ ಅವರೇ ಆಳುಗಳನ್ನು ಕರೆತಂದು, ನೀವು ಬರೆದ ಕ್ರಮದಲ್ಲಿಯೇ ದೊಡ್ಡ ಗದ್ದೆಗೆ ಹಗ್ಗ ಹಿಡಿದು ಸಾಲು ನೆಡಿಸಿದರು. ಪೈರು ಚೆನ್ನಾಗಿ ಬಂದಿದೆ. ಕೊಯ್ಲು ನಡೆಯುತ್ತಾ ಉಂಟು.

ನಿಮಗೆ ಹೇಳುವ ಎಂದು ನಾನು ನಡುವಿನಲ್ಲಿ ಅತ್ತೆಯನ್ನು ಕೇಳಿದ್ದೆ. ಹಡಗಿನ ದಿನ ಗೊತ್ತಾದ ಮೇಲೆ ಎಂದಿದ್ದರು. ಶುಕ್ರವಾರ ನಿಮ್ಮ ಕಾಗದ ಓದಿದೆನಲ್ಲ, ಕೇಳಿ ಮುಗಿದ ಕೂಡಲೇ, "ಇನ್ನು ಬರೆ. ಒಮ್ಮೆಲೇ ನೋಡಿದರೆ ಅವನು ಹೆದರುತ್ತಾನೆ" ಎಂದರು. ಈಗ ಮಾತು ಹೆಚ್ಚುಕಡಿಮೆ ಮೊದಲಿನ ಹಾಗೆಯೇ ಉಂಟು, ಆಯಾಸವಾದರೆ ಮಾತ್ರ ತೊದಲುತ್ತದೆ. ಬಲಗಾಲು ಎಳೆದು ನಡೆಯುತ್ತಾರೆ. ಬಲಗೈ ಮಡಿಲಲ್ಲೇ ಇರುತ್ತದೆ, ದಿನಾ ಎಣ್ಣೆ ತಿಕ್ಕುತ್ತೇನೆ, ಡಾಕ್ಟರು ಇನ್ನು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದಾರೆ. ಮುಖದ ಸೊಟ್ಟ ಸ್ವಲ್ಪ ಉಳಿದಿದೆ. ನೀವು ಅಂಗಳಕ್ಕೆ ಬಂದಾಗ ಅವರು ಜಗಲಿಯಿಂದ ತಾವಾಗಿ ಇಳಿದು ಬರಬೇಕೆಂದು ದಿನಾ ಮೆಟ್ಟಿಲು ಇಳಿದು ಹತ್ತಿ ಅಭ್ಯಾಸ ಮಾಡುತ್ತಿದ್ದಾರೆ. ದಯಮಾಡಿ ಓಡಿ ಹೋಗಿ ಹಿಡಿಯಬೇಡಿ. ಅವರು ಇಳಿದು ಮುಗಿಯುವವರೆಗೆ ನಿಂತುಕೊಳ್ಳಿ. ಅಳು ಬಂದರೆ ಆಮೇಲೆ ಹಟ್ಟಿಯ ಹಿಂದೆ ಹೋಗಿ ಅಳಿ, ನಾನು ಹೋಗುವುದೂ ಅಲ್ಲಿಗೇ.

ಆ ಮನೆಯ ಅಜ್ಜಿಗೆ ನಮ್ಮ ಕಡೆಯಿಂದ ನಮಸ್ಕಾರ ಹೇಳಿ. ಸಮುದ್ರದಲ್ಲಿ ಜಾಗ್ರತೆಯಾಗಿ ಬನ್ನಿ.

ನಿಮ್ಮ ದಾರಿ ನೋಡುತ್ತಿರುವ
ಲೋಲಾಕ್ಷಿ

ತಾ.ಕ.: ಇಷ್ಟನ್ನು ಅತ್ತೆಗೆ ಓದಿ ಹೇಳಿದೆ. ಕೇಳಿ, ಎಲ್ಲ ನನ್ನದೇ ಆಯಿತಲ್ಲ, ನಿನ್ನದು ಏನೂ ಇಲ್ಲವಾ ಎಂದರು. ನನ್ನದು ಏನುಂಟು ಅತ್ತೆ ಎಂದೆ. ಅವರು ಎದ್ದು ಕೋಳಿ ಓಡಿಸಲು ಹೋದರು. ಆದ್ದರಿಂದ ಬರೆಯುತ್ತೇನೆ. ಕಲಿಯುವಾಗ ಅತ್ತೆಯ ಎದುರು ಬಟ್ಟಲಿಟ್ಟುಕೊಂಡು ಕೂತವಳು ಈಗಲೂ ಹಾಗೆಯೇ ಕೂರುತ್ತೇನೆ, ಇಬ್ಬರೂ ಒಟ್ಟಿಗೆ ಉಣ್ಣುವುದು. ನೀವು ಬಂದ ಮೇಲೆಯೂ ಇದೇ ಕ್ರಮ, ಮೂವರೂ ಒಟ್ಟಿಗೆ ಎಂದು ಅವರು ಹೇಳಿದ್ದಾರೆ. ನೀವು ಒಪ್ಪುತ್ತೀರೋ ಇಲ್ಲವೋ ನನಗೆ ಗೊತ್ತಿಲ್ಲ. ಮದುವೆಯಾದಲ್ಲಿಂದ ನೀವು ಹೊರಡುವವರೆಗೆ ನಾನು ನಿಂತು ಬಡಿಸಿದೆ, ನೀವು ತಲೆ ತಗ್ಗಿಸಿ ಉಂಡಿರಿ. ನಿಮ್ಮ ನೆತ್ತಿಯ ಸುಳಿ ಎಡಕ್ಕೆ ತಿರುಗಿದೆ ಎಂದು ನನಗೆ ಗೊತ್ತುಂಟು. ಉಣ್ಣುವಾಗ ನಿಮ್ಮ ಮುಖ ಹೇಗಿರುತ್ತದೆ ಎಂದು ಗೊತ್ತಿಲ್ಲ. ನನಗೆ ಅದನ್ನು ನೋಡಬೇಕು.